ಡನಾಂಗ್ ದಡದಲ್ಲಿ ಬಿಚ್ಚಿದ ಮಡಿಲಕ್ಕಿ

ಆ ಹೆಂಗಸು ತಾನು ತೊಟ್ಟಿದ್ದ ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಒಡ್ಡಿದಾಗ ವಿಜಯಮ್ಮನ ಮೈ ಜುಂ ಎಂದಿತು. ಬೇಡುವವರು ಕೈ ಚಾಚುತ್ತಾರೆ, ತಟ್ಟೆ ಚಾಚುತ್ತಾರೆ; ಹೀಗೆ ಒಡ್ಡುವುದಿಲ್ಲ. ಹೀಗೆ ಒಡ್ಡುವವಳು ತವರಿಗೆ ಬಂದ ಹೆಣ್ಣುಮಗಳು, ಹೊರಡುವ ದಿನ ಮಣೆಯ ಮೇಲೆ ಕೂತು ಮಡಿಲಕ್ಕಿ ಕಟ್ಟಿಸಿಕೊಳ್ಳುವಾಗ. ಮೊಣಕೈ ಎರಡೂ ಪಕ್ಕೆಗೆ ಅಂಟಿರಬೇಕು, ತಲೆ ಒಂದಿಷ್ಟು ಬಗ್ಗಿರಬೇಕು, ನಾಚಿಕೆಯ ಜೊತೆ ಆಸೆಯೂ ಇರಬೇಕು. ವಿಯೆಟ್ನಾಮಿನ ಡನಾಂಗ್ ಎಂಬ ಊರಿನ ಸಮುದ್ರದ ದಡದಲ್ಲಿ, ಹೊತ್ತು ಮುಳುಗುವ ವೇಳೆಯಲ್ಲಿ, ಹಿಂದು ಮುಂದು ಗೊತ್ತಿಲ್ಲದ ಈ ಹೆಂಗಸಿಗೆ ಅದನ್ನು ಯಾರು ಕಲಿಸಿದರೋ ವಿಜಯಮ್ಮನಿಗೆ ತಿಳಿಯಲಿಲ್ಲ.

ಅರಕಲಗೂಡಿನ ವಿಜಯಮ್ಮ ಡನಾಂಗ್‌ವರೆಗೆ ಬಂದದ್ದಕ್ಕೆ ಕಾರಣ ಹೊಳೆನರಸೀಪುರದ ಮಧುಕುಮಾರ್. ಧರ್ಮಸ್ಥಳ, ಕುಕ್ಕೆ, ತಿರುಪತಿ ಎಂದು ವ್ಯಾನು ಓಡಿಸಿಕೊಂಡಿದ್ದ ಆಸಾಮಿ ಈಗ ಜನರನ್ನು ವಿಮಾನ ಹತ್ತಿಸುವ ಮಟ್ಟಕ್ಕೆ ಬೆಳೆದಿದ್ದ. "ತಿರುಪ್ತೀಲಿ ಕ್ಯೂ ನಿಲ್ಲೋ ಒತ್ನಲ್ಲಿ ವಿಯೆಟ್ನಾಮ್ ನೋಡ್ಕಂಡು ಬಂದ್ಬುಡ್ಬೋದು ಅಮ್ಮಾರೆ" ಎಂದು ಸ್ತ್ರೀಶಕ್ತಿ ಸಂಘದ ಹೆಂಗಸರ ತಲೆ ಕೆಡಿಸಿದ. ಜೊತೆಗೆ ಅಡಿಗೆಯವನೊಬ್ಬ, ರಾಗಿ ಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ. ವಿಜಯಮ್ಮನ ಗಂಡ ಮರಿಯಣ್ಣ ಮಾತ್ರ ಜಪ್ಪಯ್ಯ ಅಂದರೂ ಹೊರಡಲಿಲ್ಲ. ಅದು ಹೊಗೆಸೊಪ್ಪನ್ನು ಒಣಗಿಸುವ ಬೆಂಕಿಮನೆಯಾದ ಬ್ಯಾರನ್‌ಗೆ ಏರಿಸಿ ಬೇಯಿಸುವ ಕಾಲ. ಬೆಂಕಿ ಒಂದಿಷ್ಟು ಹೆಚ್ಚುಕಮ್ಮಿಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ. "ನೀನ್ ಓಗ್ಬಾ. ನಂಗೆ ಈ ಬ್ಯಾರನ್ನೇ ಫಾರಿನ್ನು" ಎಂದ.

ಮೊದಲು ಇಳಿದದ್ದು ಸೈಗಾನ್ ಪಟ್ಟಣದಲ್ಲಿ. ಅಲ್ಲಿಯ ರಸ್ತೆಯ ತುಂಬ ಬೈಕುಗಳೋ ಬೈಕುಗಳು. ರಸ್ತೆ ದಾಟುವಾಗ ನಿಲ್ಲಬಾರದು, ಹಿಂದೆ ತಿರುಗಬಾರದು, ನಡೆಯುತ್ತಲೇ ಇದ್ದರೆ ಬೈಕಿನವರೇ ಸರಿದುಕೊಳ್ಳುತ್ತಾರೆ ಎಂದು ಗೈಡ್ ಹುಡುಗಿ ಹೇಳಿಕೊಟ್ಟಳು. ಅರಕಲಗೂಡಿನ ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದು, ದೇವರ ಹೆಸರು ಹೇಳುತ್ತ, ಕಿಲಕಿಲ ನಗುತ್ತ ದಾಟಿದರು. ಆಚೆ ಬದಿಯ ಅಂಗಡಿಗಳ ಮುಂದೆ, ಫುಟ್‌ಪಾತಿನ ಮೇಲೆಯೇ, ತಟ್ಟೆಗಳಲ್ಲಿ ಗಂಜಿ, ಉಪ್ಪು, ಅಕ್ಕಿ ಇಟ್ಟು ಊದುಬತ್ತಿ ಹಚ್ಚಿದ್ದರು. ಬೀದಿಯ ಉದ್ದಕ್ಕೂ ಅದೇ.

"ಇದೇನ್ಲಾ ಮಧು, ಬೀದೀಲಿ ಎಡೆ ಇಕ್ಕವ್ರೆ?" ಎಂದು ವಿಜಯಮ್ಮ ಕೇಳಿದಳು.

ಮಧುಕುಮಾರ್ ಗೈಡ್ ಹುಡುಗಿಯ ಇಂಗ್ಲಿಷನ್ನು ತನಗೆ ಸಿಕ್ಕಷ್ಟು ಕನ್ನಡಕ್ಕೆ ಇಳಿಸಿದ. "ನಮ್ ಪಿತೃಪಕ್ಸ ಇದ್ದಂಗೆ ಕಣಮ್ಮಾರೆ. ಆದ್ರೆ ಇದು ಮನೆಯೋರ್ಗಲ್ಲ. ಸತ್ತೋರ್ನಲ್ಲಿ ದಿಕ್ಕಿಲ್ದೋರು ಇರ್ತಾರಂತಲ್ಲ, ಕರೆಯೋ ಮನೆ ಇಲ್ದೋರು, ಅವ್ರು ಈ ತಿಂಗ್ಳು ಅಲೀತಾ ಇರ್ತಾರಂತೆ. ತಟ್ಟೇಲಿರೋದ ಮುಟ್ಬ್ಯಾಡಿ. ಗೊತ್ತಿಲ್ದೋರ್ನ ಮನೆಗ್ ಬಾ ಅಂತ ಕರೀಬ್ಯಾಡಿ ಅಂತಾವ್ಳೆ ಇವ್ಳು."

"ಕರಿಯಾಕೆ ಇಲ್ ನಂಗ್ಯಾವ್ ಮನೆ ಅದೆ?" ಎಂದು ವಿಜಯಮ್ಮ ನಗೆಯಾಡಿದಳು. ಎಲ್ಲರೂ ನಕ್ಕರು. ಆ ಗೈಡ್ ಹುಡುಗಿ ಮಾತ್ರ ನಗಲಿಲ್ಲ. ಅವಳಿಗೆ ಕನ್ನಡ ಬರುವುದಿಲ್ಲವಲ್ಲ ಎಂದುಕೊಂಡರು.

ಇನ್ನು ಆ ಮಡಿಲಕ್ಕಿಯ ಸಮಾಚಾರ. ಹೊರಡುವ ಹಿಂದಿನ ದಿನ ವಿಜಯಮ್ಮ ಪೆಟ್ಟಿಗೆ ಸಮೇತ ತವರೂರಾದ ಹಳೇಕೋಟೆಗೆ ಹೋಗಿದ್ದಳು. ಬೆಂಗಳೂರಿಗೆ ಹೋಗುವ ವ್ಯಾನು ಅಲ್ಲಿಗೇ ಬಂದು ಹತ್ತಿಸಿಕೊಳ್ಳುವ ಮಾತಾಗಿತ್ತು. ತವರಿನಲ್ಲಿ ತಮ್ಮ ರಂಗಸ್ವಾಮಿ, ಅವನ ಹೆಂಡತಿ ಸ್ವರ್ಣಲತಾ, ಮತ್ತೆ ತಾಯಿ ಮಾಯಮ್ಮ. ಮಾಯಮ್ಮ ಕಣ್ಣು ಪೂರಾ ಹೋಗಿ, ಕೈ ಮುಟ್ಟಿ ಜನರನ್ನು ಗುರುತಿಸುವ ಹಂತಕ್ಕೆ ಬಂದಿದ್ದಳು. ಅವಳಿಗೆ ಮಗಳಿಂದ ಬೇಕಾಗಿದ್ದು ಒಂದೇ: ತಲೆಗೆ ಹರಳೆಣ್ಣೆ ಹಚ್ಚಿ, ನಿಧಾನಕ್ಕೆ ಬಾಚಿ, ತುರುಬು ಕಟ್ಟುವುದು. ಅವತ್ತು ಅದಕ್ಕೂ ಪುರುಸೊತ್ತಾಗಲಿಲ್ಲ. ಸೀರೆ ಮಡಿಸುವುದು, ಪಾಸ್‌ಪೋರ್ಟು ಹುಡುಕುವುದು, ಮಧುಕುಮಾರನ ಫೋನಿಗೆ ಉತ್ತರ ಹೇಳುವುದರಲ್ಲೇ ರಾತ್ರಿಯಾಯಿತು.

ಬೆಳಗ್ಗೆ ಹೊರಡುವಾಗ ಮುದುಕಿ ಹಟ ಹಿಡಿದಳು. "ಸಮುದ್ರ ದಾಟ್ತಾವ್ಳೆ. ಬರೀ ಮಡ್ಲಲ್ಲಿ ಕಳಿಸ್ತಾರಾ? ಸ್ವರ್ಣಾ, ಮಡ್ಲಕ್ಕಿ ಕಟ್ಟು."

ಸ್ವರ್ಣಲತಾ ಹಳದಿ ರವಿಕೆ ಕಣದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಎಲೆಯಡಿಕೆ, ಬಳೆ ಇಟ್ಟು ವಿಜಯಮ್ಮನ ಮಡಿಲು ತುಂಬಿದಳು. ಮಡಿಲು ತುಂಬಿಸಿಕೊಂಡವಳು ಒಂದು ಹಿಡಿ ಅಕ್ಕಿಯನ್ನು ತವರಿಗೆ ವಾಪಸು ಚೆಲ್ಲಿ ಏಳಬೇಕು; ಎಲ್ಲವನ್ನೂ ಬಾಚಿಕೊಂಡು ಹೋಗಬಾರದು. ಅಷ್ಟರಲ್ಲಿ ಬಾಗಿಲಲ್ಲಿ ವ್ಯಾನಿನ ಹಾರನ್ನು. ವಿಜಯಮ್ಮ ಗಡಿಬಿಡಿಯಲ್ಲಿ ಗಂಟು ಬಿಗಿದು ಚೀಲಕ್ಕೆ ತುರುಕಿ ಎದ್ದೇಬಿಟ್ಟಳು.

"ಮನೆಗ್ ತಗಂಡೋಗಿ ನೀನೇ ಬೇಯಿಸ್ಕಂಡ್ ಉಣ್ಬೇಕು" ಎಂದಳು ಮಾಯಮ್ಮ. "ಬ್ಯಾರೆಯೋರ ಮಡ್ಲಿಗೆ ಆಕ್ಬುಟ್ಟೀಯ. ಅದು ಬರೀ ಅಕ್ಕಿಯಲ್ಲ ಮಗಾ. ನೀನು ಈ ಮನೆ ಮಗ್ಳು ಅನ್ನೋದು."

"ಆಯ್ತು ಬುಡವ್ವ. ವ್ಯಾನು ಬಂತು. ಓಯ್ತೀನಿ."

"ಓಯ್ತೀನಿ ಅಂದಾರಾ? ಬತ್ತೀನಿ ಅನ್ನು!"

"ಆಯ್ತು ತಾಯಿ, ಬತ್ತೀನಿ."

"ಓಗ್ಬಾ ಮಗಾ. ಬಂದೇಟ್ಗೆ ಬಂದು ನಂಗೆ ತಲೆ ಬಾಚು" ಎಂದು ಮುದುಕಿ ಗಾಳಿಯಲ್ಲಿ ಕೈ ಆಡಿಸಿದಳು. ಮಗಳ ಕೈ ಸಿಗಲಿಲ್ಲ. ಮಗಳು ಆಗಲೇ ಜಗುಲಿ ಇಳಿದಿದ್ದಳು.

ವಿಮಾನ ನಿಲ್ದಾಣದಲ್ಲಿ ಕೊಬ್ಬರಿ ಗಿಟುಕನ್ನು ಬಾಂಬು ಸಿಕ್ಕಿದ ಹಾಗೆ ತೆಗೆದು ಪಕ್ಕಕ್ಕಿಟ್ಟರು. ಎಲೆ ಬಾಡಿತೆಂದು ವಿಜಯಮ್ಮ ತಾನೇ ಬಿಸಾಕಿದಳು. ಅಕ್ಕಿ, ಬೆಲ್ಲ, ಬಳೆ ಹಳದಿ ಕಣದಲ್ಲಿ ಉಳಿದವು. ಹೋಟೆಲಿನಲ್ಲಿ ಬಿಟ್ಟರೆ ಕಸ ಗುಡಿಸುವವರು ಎತ್ತಿಬಿಟ್ಟಾರೆಂದು ಗಂಟನ್ನು ಹೆಗಲ ಚೀಲದಲ್ಲೇ ಹೊತ್ತುಕೊಂಡು ತಿರುಗಿದಳು.

ಹಾಗೆ ಡನಾಂಗ್‌ನ ದಡಕ್ಕೂ ಅದು ಬಂತು. ಉಳಿದ ಹೆಂಗಸರು ಸೀರೆ ಎತ್ತಿಕಟ್ಟಿ ಅಲೆಗೆ ಸಿಕ್ಕಿ ಕಿರುಚಾಡುತ್ತಿದ್ದರು, ಮಧುಕುಮಾರ್ ವಿಡಿಯೋ ಮಾಡುತ್ತಿದ್ದ. ವಿಜಯಮ್ಮ ಮರಳಿನ ಮೇಲೆ ಒಬ್ಬಳೇ ನಡೆದು ಸ್ವಲ್ಪ ದೂರ ಬಂದಿದ್ದಳು. ಅಲ್ಲೂ ತಟ್ಟೆಗಳ ಸಾಲು. ಗಂಜಿ, ಉಪ್ಪು, ಆರುತ್ತ ಬಂದ ಊದುಬತ್ತಿ. ಸಾಲಿನ ಕೊನೆಯಲ್ಲಿ, ತಟ್ಟೆಗಳಿಗೆ ಬೆನ್ನು ಮಾಡಿ, ಈ ಹೆಂಗಸು ಕೂತಿದ್ದಳು. ವಿಜಯಮ್ಮನದೇ ವಯಸ್ಸು, ಅದೇ ಮೈಕಟ್ಟು. ತಿಳಿ ಬಣ್ಣದ ಹೂವಿನ ಅಂಗಿ, ಪೈಜಾಮ, ಬರಿಗಾಲು. ತಲೆ ಒದ್ದೆಯಾಗಿತ್ತು. ವಿಜಯಮ್ಮ ಹತ್ತಿರ ಬಂದದ್ದನ್ನು ನೋಡಿ ಎದ್ದು ನಿಂತು, ಅಂಗಿಯ ಅಂಚು ಹಿಡಿದು ಮಡಿಲೊಡ್ಡಿದಳು.

ತಾಯಿಯ ಮಾತು ವಿಜಯಮ್ಮನಿಗೆ ನೆನಪಾಗಲಿಲ್ಲ ಅಂತಲ್ಲ. ಆಯಿತು. ಆದರೆ ಆ ಒಡ್ಡಿದ ಮಡಿಲು ಖಾಲಿ ಇರುವುದನ್ನು ನೋಡುತ್ತ ನಿಲ್ಲಲು ಅವಳಿಂದ ಆಗಲಿಲ್ಲ. ಹಿಡಿ ಅಕ್ಕಿ ಹಾಕಿದರಾಯಿತು ಎಂದು ಗಂಟು ಬಿಚ್ಚಿದಳು. ಒಂದು ಹಿಡಿ ತೆಗೆದದ್ದು ಎರಡು ಹಿಡಿಯಾಯಿತು, ಬೆಲ್ಲ ಹೋಯಿತು, ಬಳೆ ಹೋದವು, ಕೊನೆಗೆ ಹಳದಿ ಕಣವೂ ಆ ಮಡಿಲಿಗೇ ಹೋಯಿತು. ಪರ್ಸಿನಲ್ಲಿದ್ದ ಕುಂಕುಮ ತೆಗೆದು ಅವಳ ಹಣೆಗಿಟ್ಟಳು. ಹಣೆ ಬಾವಿಯಿಂದ ಆಗ ಸೇದಿದ ಬಿಂದಿಗೆಯಷ್ಟು ತಣ್ಣಗಿತ್ತು.

ಆಗ ಆ ಹೆಂಗಸು ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ವಿಜಯಮ್ಮನ ಕಾಲ ಬಳಿಗೆ ವಾಪಸು ಚೆಲ್ಲಿದಳು. ವಿಜಯಮ್ಮ ಹಳೇಕೋಟೆಯಲ್ಲಿ ಮರೆತು ಬಂದಿದ್ದನ್ನು ಅವಳು ಇಲ್ಲಿ ಮರೆಯದೆ ಮಾಡಿದಳು.

ವಿಜಯಮ್ಮನಿಗೆ ಹೆದರಿಕೆಯಾಯಿತು. ಹೆದರಿಕೆಯಲ್ಲಿ ಬಾಯಿಗೆ ಬರುವುದು ಅಭ್ಯಾಸದ ಮಾತೇ. ಮಡಿಲು ತುಂಬಿದ ಮೇಲೆ ಹೇಳುವ ಮಾತು ಒಂದೇ ಅಲ್ಲವೆ? "ಓಗ್ಬಾ ತಾಯಿ" ಎಂದುಬಿಟ್ಟಳು.

ಹೆಂಗಸಿನ ತುಟಿ ಅಲುಗಿತು. ಸಮುದ್ರದ ಸದ್ದಿನಲ್ಲಿ ಏನು ಕೇಳಿಸೀತು! ಆದರೂ ವಿಜಯಮ್ಮನ ಕಿವಿಗೆ ಬಿದ್ದದ್ದು "ಬತ್ತೀನಿ" ಎಂದೇ.

ಬಸ್ಸಿನ ಬಳಿ ಮಧುಕುಮಾರ್ ಕೇಳಿದ. "ಯಾರಮ್ಮಾರೆ ಅದು ನಿಮ್ ಜೊತೆ? ಅಷ್ಟ್ ದೂರ್ದಿಂದ ನೋಡುದ್ರೆ ನೀವ್ಯಾರು ಅವ್ರ್ಯಾರು ಗೊತ್ತಾಗ್ಲೇ ಇಲ್ಲ. ಅಕ್ಕತಂಗೀರ್ ಇದ್ದಂಗಿದ್ರಿ."

"ಯಾರೋ ಪಾಪ, ಇಲ್ಲದೋಳು" ಎಂದಳು ವಿಜಯಮ್ಮ. ಮಡಿಲಕ್ಕಿ ಕೊಟ್ಟೆನೆಂದು ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಬಾನಾ ಬೆಟ್ಟ. ನೆಲದಿಂದ ಬೆಟ್ಟದ ತುದಿಯವರೆಗೆ ತಂತಿಯ ಮೇಲೆ ಗಾಜಿನ ಡಬ್ಬಿಗಳು ಓಡಾಡುತ್ತವೆ. ಒಂದು ಸಾಲು ಏರುತ್ತಿದ್ದರೆ ಪಕ್ಕದ ಸಾಲು ಇಳಿಯುತ್ತಿರುತ್ತದೆ. ಕೆಳಗೆ ಕಾಡು, ಮೇಲೆ ಹೋದಂತೆ ಮೋಡ. ಮೋಡದ ಒಳಗೆ ಹೊಕ್ಕಾಗ ಹೆಂಗಸರ ಮಾತೆಲ್ಲ ನಿಂತು ತಂತಿಯ ಕಿರ್ರೆನ್ನುವ ಸದ್ದೊಂದೇ ಉಳಿಯಿತು. ಎದುರಿನಿಂದ ಇಳಿಯುವ ಡಬ್ಬಿಗಳು ಒಂದೊಂದಾಗಿ ಮಂಜಿನಿಂದ ಮೂಡಿ ಪಕ್ಕದಲ್ಲೇ ಹಾದು ಹೋಗುತ್ತಿದ್ದವು. ಎಲ್ಲದರಲ್ಲೂ ಜನ ಕಿಕ್ಕಿರಿದಿದ್ದರು. ಒಂದರಲ್ಲಿ ಮಾತ್ರ ಒಬ್ಬಳೇ ಹೆಂಗಸು ಕೂತಿದ್ದಳು, ಮಡಿಲಲ್ಲಿ ಹಳದಿ ಗಂಟು. ವಿಜಯಮ್ಮ ಗಾಜಿಗೆ ಮುಖ ಒತ್ತಿ ನೋಡುವಷ್ಟರಲ್ಲಿ ಡಬ್ಬಿ ಕೆಳಗೆ ಇಳಿದು ಹೋಯಿತು. ತಾನು ಮೇಲಕ್ಕೆ ಹೋಗುತ್ತಿದ್ದೇನೆ, ಅವಳು ಊರಿನ ದಿಕ್ಕಿಗೆ ಹೋಗುತ್ತಿದ್ದಾಳೆ ಎಂಬ ಯೋಚನೆ ಎಲ್ಲಿಂದಲೋ ಬಂದು ತಲೆಯಲ್ಲಿ ಕೂತಿತು.

ಬೆಟ್ಟದ ಮೇಲೆ ಇಳಿದವಳೇ ತಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ರಂಗಸ್ವಾಮಿ ಫೋನನ್ನು ತಾಯಿಯ ಮುಖಕ್ಕೆ ಹಿಡಿದ.

"ಅವ್ವಾ, ನಾನ್ ಕಣವ್ವ, ವಿಜಿ. ಬೆಟ್ಟದ ಮ್ಯಾಲಿಂದ ಮಾತಾಡ್ತಾ ಇವ್ನಿ."

ಮಾಯಮ್ಮ ಕಿವಿಯನ್ನು ಫೋನಿಗೆ ಹತ್ತಿರ ತಂದಳು. "ಯಾರವ್ವ?"

"ವಿಜಿ ಕಣವ್ವ!"

"ಧ್ವನಿ ವಿಜೀದಲ್ಲ" ಎಂದಳು ಮುದುಕಿ ಮಗನ ಕಡೆ ತಿರುಗಿ.

"ನೆಟ್ವರ್ಕ್ ಸರಿ ಇಲ್ಲ ಕಣಕ್ಕ, ಗೊಗ್ಗರು ಗೊಗ್ಗರಾಗಿ ಕೇಳ್ತದೆ" ಎಂದು ರಂಗಸ್ವಾಮಿ ನಕ್ಕ. ವಿಜಯಮ್ಮನೂ ನಕ್ಕಳು. ತಮ್ಮನ ಮುಖ ಫೋನಿನಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಊರಿಗೆ ಬಂದ ಮೇಲೆ ವಿಜಯಮ್ಮ ಒಂದು ವಾರ ಅರಕಲಗೂಡಿನ ರಾಣಿಯ ಹಾಗೆ ಇದ್ದಳು. ಬೀದಿಯವರು ಬಂದರು, ನೆಂಟರು ಬಂದರು, ಟೂರಿಗೆ ಬಾರದ ಸಂಘದ ಹೆಂಗಸರು ಹೊಟ್ಟೆಯುರಿ ಮುಚ್ಚಿಕೊಂಡು ಬಂದರು. ಬೈಕುಗಳ ರಸ್ತೆ, ಸಮುದ್ರ, ಗಾಜಿನ ಡಬ್ಬಿ ಎಲ್ಲವನ್ನೂ ಫೋನಿನಲ್ಲಿ ತೋರಿಸಿದಳು. ಹಳೇಕೋಟೆಗೆ ಹೋಗಬೇಕು ಎಂದು ದಿನಾ ಅಂದುಕೊಂಡಳು. ಕಾಲು ಊದಿಕೊಂಡಿದೆ, ಇಳಿಯಲಿ. ಬ್ಯಾರನ್ ಕೆಲಸದ ಆಳುಗಳಿಗೆ ಅಡಿಗೆಯಾಗಬೇಕು, ಮುಗಿಯಲಿ. ನಿಜ ಹೇಳಬೇಕೆಂದರೆ ಕುರುಡು ತಾಯಿಯ ತಲೆ ಬಾಚುವುದು ಎಲ್ಲಿಗೂ ಓಡಿಹೋಗುವ ಕೆಲಸವಲ್ಲ ಎಂದು ಅವಳಿಗೆ ಅನಿಸಿತ್ತು.

ಒಂದು ಸಂಜೆ ರಂಗಸ್ವಾಮಿಯ ಫೋನು ಬಂತು. ಧ್ವನಿಯಲ್ಲಿ ಮುನಿಸಿತ್ತು, ಖುಷಿಯೂ ಇತ್ತು. "ಏನಕ್ಕ, ನಾವ್ ಶುಂಟಿ ಒಲಕ್ಕೋಗಿರೋ ಒತ್ನಲ್ಲಿ ಬಂದು ಅಂಗೇ ಓದ್ಯಂತೆ? ಒಂದ್ ಗಳಿಗೆ ಇರ್ಬಾರ್ದಿತ್ತಾ? ಅವ್ವ ಏನ್ ಖುಸಿಯಾಗವ್ಳೆ ಅಂತೀಯ. ನನ್ ಮಗ್ಳು ಬಂದಿದ್ಲು, ತಲೆ ಬಾಚುದ್ಲು ಅಂತ ಬಂದೋರ್ಗೆಲ್ಲ ಏಳ್ಕಂಡು ಕೂತವ್ಳೆ."

ವಿಜಯಮ್ಮನ ಬಾಯಲ್ಲಿ 'ನಾನೆಲ್ಲಿ ಬಂದಿದ್ದೆ' ಎಂಬ ಮಾತು ಬಂದು ನಿಂತಿತು. ಅದನ್ನು ಆಡಿದರೆ ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಿತ್ತು: ಹಂಗಾರೆ ಯಾಕೆ ಬರಲಿಲ್ಲ, ಫಾರಿನ್ನಿಗೆ ಪುರುಸೊತ್ತು, ಹೆತ್ತವ್ವನಿಗೆ ಇಲ್ಲವಾ. ಅವ್ವನಿಗೆ ಅರಳುಮರಳು, ಬಂದಳು ಅಂದುಕೊಂಡು ನೆಮ್ಮದಿಯಾಗಿದ್ದರೆ ಯಾರಿಗೇನು ನಷ್ಟ?

"ಹ್ಞೂ ಕಣೋ ರಂಗ" ಎಂದಳು. "ಬಸ್ಸಿಗ್ ಒತ್ತಾಯ್ತು ಅಂತ ಬಂದ್ಬುಟ್ಟೆ."

ಅಷ್ಟೇ. ಅದೊಂದು ಹ್ಞೂ. ಮರಿಯಣ್ಣ ಬ್ಯಾರನ್ನಿನಿಂದ ಬಂದು, ಮೈಯೆಲ್ಲ ಹೊಗೆಸೊಪ್ಪಿನ ವಾಸನೆ ಹೊತ್ತು, "ಯಾವಾಗೋಗಿದ್ದೆ ಅಳೇಕೋಟೆಗೆ?" ಎಂದು ಕೇಳಿದ್ದಕ್ಕೆ, "ಸುಮ್ಕಿರಿ, ನಿಮ್ಗೊಂದು" ಎಂದು ಗದರಿಬಿಟ್ಟಳು.

ಮುಂದಿನ ಫೋನು ಸ್ವರ್ಣಲತಾಳದು. "ಅಕ್ಕಾ, ನೀವ್ ಬಾಚಿದ್ ತಲೆ ನೋಡುದ್ರೆ ಬಿಚ್ಚಾಕೆ ಮನ್ಸಾಗಲ್ಲ, ಅಂಗ್ ಕಟ್ಟಿದ್ದೀರ. ಎಣ್ಣೆ ಬಟ್ಲೂ ತೊಳ್ದಿಟ್ಟೋಗಿದ್ರಿ. ಆದ್ರೆ ನಡುಮನೆ ಎಲ್ಲಾ ನೀರು. ಕಾಲ್ ತೊಳ್ಕಂಡು ಒರೆಸ್ಕಳ್ದೆ ಅಂಗೇ ಬಂದಿದ್ರಾ?"

ಈ ಸಲ ವಿಜಯಮ್ಮನಿಗೆ ಹ್ಞೂ ಅನ್ನಲೂ ಆಗಲಿಲ್ಲ, ಊಹ್ಞೂಂ ಅನ್ನಲೂ ಆಗಲಿಲ್ಲ. "ಅವ್ವನ ಕೈಗೆ ಫೋನ್ ಕೊಡು" ಎಂದಳು.

"ಅವ್ವಾ, ನಾನ್ ವಿಜಿ."

"ಸುಳ್ ಯಾಕ್ ಏಳೀಯವ್ವ" ಎಂದಳು ಮಾಯಮ್ಮ, ಬೇಸರವೇನೂ ಇಲ್ಲದೆ. "ನನ್ ಮಗ್ಳು ಫೋನ್ ಮಾಡಾಕಿಲ್ಲ. ಬತ್ತಾಳೆ."

ಆವತ್ತೇ ಹೊರಡಬೇಕಿತ್ತು. ಆದರೆ ವಿಜಯಮ್ಮ ಹೊರಡಲಿಲ್ಲ, ಮತ್ತು ಈಗ ತಡೆದದ್ದು ಕಾಲಿನ ಊತವೂ ಅಲ್ಲ, ಆಳುಗಳ ಅಡಿಗೆಯೂ ಅಲ್ಲ. ಹೋದಾಗ ಅಲ್ಲಿ ಯಾರಾದರೂ ಕೂತಿದ್ದರೆ? ಹೇಗೂ ಗೌರಿ ಹಬ್ಬ ಹತ್ತಿರ ಬಂತು, ತಮ್ಮ ಕರೆಯಲು ಬಂದೇ ಬರುತ್ತಾನೆ, ಅವನ ಜೊತೆಗೇ ಹೋದರಾಯಿತು ಎಂದು ಧೈರ್ಯ ತಂದುಕೊಂಡಳು. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಲ್ಲ. ಹಬ್ಬದ ಹಿಂದಿನ ದಿನ ಅಪ್ಪ ಬರುತ್ತಿದ್ದ, ಅಪ್ಪ ಹೋದ ಮೇಲೆ ರಂಗಸ್ವಾಮಿ. ಅರಿಶಿನ ಕುಂಕುಮ, ಸೀರೆ, ಬಳೆ ತಂದಿಟ್ಟು ಹಬ್ಬಕ್ಕೆ ಬಾ ಎಂದು ಕರೆದು ಹೋಗುತ್ತಿದ್ದರು.

ಆ ದಿನ ವಿಜಯಮ್ಮ ಪಾಯಸ ಮಾಡಿ ಜಗುಲಿಯಲ್ಲಿ ಕೂತಳು. ಮಧ್ಯಾಹ್ನವಾಯಿತು, ಸಂಜೆಯಾಯಿತು. ರಂಗಸ್ವಾಮಿಯ ಬೈಕಿನ ಸದ್ದಿಲ್ಲ. ಕೊನೆಗೆ ತಾನೇ ಫೋನು ಮಾಡಿದಳು.

"ಇದೇನಕ್ಕ ಇಂಗ್ ಕೇಳ್ತೀಯ?" ಎಂದ ರಂಗಸ್ವಾಮಿ. "ನೆನ್ನೇನೇ ಬಂದು ತಗಂಡೋದ್ಯಲ್ಲ. ನಿಂಗೆ ಕೊಡಾಕೆ ಅಂತ ಸೀರೆ ಬಳೆ ಎಲ್ಲಾ ಅವ್ವನ ಪಕ್ಕದಾಗೇ ಇಟ್ಟಿದ್ದೊ. ನಾವ್ ಒಲದಿಂದ ಬರೋ ಒತ್ಗೆ ನೀನ್ ಬಂದು ಈಸ್ಕ ಓಗಿದ್ದೆ. ಎದುರುಮನೆ ಬೆಟ್ಟಮ್ಮನೂ ನೋಡುದ್ಲಂತೆ."

"ನಾನ್ ಬಂದಿಲ್ಲ ಕಣೋ. ದೇವ್ರಾಣೆ ಬಂದಿಲ್ಲ!"

"ಅವತ್ತು ನೀನೇ ಬಂದಿದ್ದೆ ಅಂದ್ಯಲ್ಲಕ್ಕ, ಫೋನ್ನಲ್ಲಿ" ಎಂದ ತಮ್ಮ. ಅವನ ಧ್ವನಿಯಲ್ಲಿ ಈಗ ಅನುಮಾನವಿತ್ತು, ಅದು ಅಕ್ಕನ ಬುದ್ಧಿ ನೆಟ್ಟಗಿದೆಯೇ ಎಂಬ ಅನುಮಾನ. ವಿಜಯಮ್ಮ ಫೋನಿಟ್ಟಳು.

ಹಬ್ಬದ ಬೆಳಗ್ಗೆ, ಯಾರೂ ಕರೆಯದೆ, ಹೊಳೆನರಸೀಪುರದ ಬಸ್ಸು ಹತ್ತಿದಳು. ಅಲ್ಲಿ ಬಸ್ಸು ಬದಲಿಸಿ ಹಳೇಕೋಟೆಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಊರಿನ ಹೆಂಗಸರೆಲ್ಲ ಗೌರಮ್ಮನನ್ನು ಕೂರಿಸಿದ ಗುಡಿಯ ಬಳಿ ಸೇರಿದ್ದರು. ಬೀದಿ ಬಿಕೋ ಎನ್ನುತ್ತಿತ್ತು. ತವರಿನ ಎದುರುಮನೆಯ ಬೆಟ್ಟಮ್ಮ ಮಾತ್ರ ಮಂಡಿನೋವೆಂದು ಜಗುಲಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು.

"ಏನೇ ವಿಜಿ, ಏನ್ ಮರ್ತೋದೆ?" ಎಂದಳು ಬೆಟ್ಟಮ್ಮ. "ಈಗ್ತಾನೆ ಒಳೀಕ್ ಓದ್ಯಲ್ಲ, ಅದ್ಯಾವಾಗ್ ಈಚೀಕ್ ಬಂದೆ?"

ವಿಜಯಮ್ಮ ಚಪ್ಪಲಿ ಬಿಟ್ಟು ಹೊಸಿಲು ದಾಟಿದಳು. ನಡುಮನೆಯ ನೆಲ ಒದ್ದೆಯಾಗಿತ್ತು. ಹಿತ್ತಲ ಬಾಗಿಲು ತೆರೆದಿತ್ತು. ಮಾಯಮ್ಮ ಆ ಬಾಗಿಲಿಗೆ ಮುಖ ಮಾಡಿ ನೆಲದ ಮೇಲೆ ಕೂತಿದ್ದಳು. ಬಿಳಿಕೂದಲು ಒಂದು ಪಕ್ಕದಲ್ಲಿ ಎಣ್ಣೆ ಹಚ್ಚಿ ಬಾಚಿ ನುಣ್ಣಗಾಗಿತ್ತು, ಇನ್ನೊಂದು ಪಕ್ಕದಲ್ಲಿ ಕೆದರಿತ್ತು. ಬಾಚಣಿಗೆ ಕೂದಲಲ್ಲೇ ಸಿಕ್ಕಿಸಿದಂತೆ ನಿಂತಿತ್ತು. ಹಿಂದೆ ಒಂದು ಮಣೆ, ಮಣೆಯ ಪಕ್ಕ ಎಣ್ಣೆ ಬಟ್ಟಲು. ಮಣೆಯ ಮೇಲೆ ಯಾರೂ ಇರಲಿಲ್ಲ.

"ಬಂದ್ಯಾ ಮಗಾ?" ಎಂದಳು ಮಾಯಮ್ಮ.

"ಬಂದೆ ಕಣವ್ವ" ಎನ್ನುವಾಗ ವಿಜಯಮ್ಮನ ದನಿ ಒಡೆಯಿತು. ತಾಯಿಯ ಪಕ್ಕ ಕುಕ್ಕರಿಸಿ ಅವಳ ಕೈ ಹಿಡಿದಳು.

ಮುದುಕಿಯ ಬೆರಳು ಮಗಳ ಅಂಗೈ, ಬಳೆ, ಮೊಣಕೈವರೆಗೂ ಓಡಾಡಿ ನಿಂತವು. "ಯಾರವ್ವ ನೀನು? ಕೈ ಬಿಸಿ ಅದೆ."

"ನಾನು ವಿಜಿ ಕಣವ್ವ! ನಿನ್ ಮಗ್ಳು!"

ಮಾಯಮ್ಮ ಸಣ್ಣಗೆ ನಕ್ಕಳು. "ನನ್ ಮಗ್ಳ ಕೈ ತಣ್ಣಗಿರ್ತದೆ. ತಲೆ ಮ್ಯಾಲಿಟ್ರೆ ಕಾವೆಲ್ಲ ಇಳೀತದೆ. ಈಗ ಬತ್ತೀನಿ ಅಂತ ಇತ್ಲಿಗ್ ಓಗವ್ಳೆ, ಕೂತ್ಕೊ."

ವಿಜಯಮ್ಮ ಬಡಬಡಿಸಿದಳು. ಚಿಕ್ಕಂದಿನಲ್ಲಿ ನಾಲೆಗೆ ಬಿದ್ದಾಗ ಅವ್ವ ಸೀರೆ ಎಸೆದು ಎಳೆದದ್ದು, ಮದುವೆಯ ಹಿಂದಿನ ರಾತ್ರಿ ಇಬ್ಬರೂ ಒಂದೇ ಕಂಬಳಿಯಲ್ಲಿ ಅತ್ತದ್ದು, ಅಪ್ಪನಿಗೂ ಗೊತ್ತಿಲ್ಲದ ಮಾತು. ಮಾಯಮ್ಮ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದಳು.

"ನಿಂಗೆ ಎಲ್ಲಾನೂ ಏಳವ್ಳೆ ಅವ್ಳು" ಎಂದಳು. "ನೀನು ಅವ್ಳ್ ಜೊತೆ ಟೂರಿಗ್ ಓಗಿದ್ದೋಳು ಅಲ್ವಾ? ಗೊತ್ತಾಯ್ತು. ಅಲ್ಲಿ ದಡದಾಗೆ ಕರೆಯೋರಿಲ್ದೆ ಒಬ್ಳೇ ಕೂತಿದ್ಲಂತೆ ನನ್ ಮಗ್ಳು. ಯಾರೋ ಪುಣ್ಯಾತ್ಗಿತ್ತಿ ಮಡ್ಲು ತುಂಬಿ ಓಗ್ಬಾ ಅಂದ್ಲು, ಅದ್ಕೆ ಬಂದೆ ಅಂದ್ಲು. ನೀನೇ ಏನವ್ವ? ನಿನ್ ಒಟ್ಟೆ ತಣ್ಣಗಿರ್ಲಿ."

ವಿಜಯಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹಿತ್ತಲ ಬಾಗಿಲಿಗೆ ಹೋದಳು. ಹಿತ್ತಲಲ್ಲಿ ಯಾರೂ ಇಲ್ಲ. ತೊಟ್ಟಿಯ ನೀರು ಮಾತ್ರ ಅಲುಗುತ್ತಿತ್ತು. ಬಟ್ಟೆ ಒಣಗಿಸುವ ತಂತಿಯ ಮೇಲೆ ಒಂದು ಹಳದಿ ರವಿಕೆ ಕಣ ಹರವಿತ್ತು. ಸ್ವರ್ಣಲತಾ ಆ ಬಣ್ಣದ್ದನ್ನು ಡಜನ್ ಲೆಕ್ಕದಲ್ಲಿ ತಂದು ಇಟ್ಟಿರುತ್ತಾಳೆ, ಅದರಲ್ಲೇ ಇನ್ನೊಂದಿರಬಹುದು ಎಂದುಕೊಂಡು ವಿಜಯಮ್ಮ ಅದರ ತುದಿ ಹಿಡಿದಳು. ಗಂಟು ಬಿಗಿದಿದ್ದ ಮೂಲೆಯ ಸುಕ್ಕಿನಿಂದ ಮರಳು ಉದುರಿ ಅಂಗೈಗೆ ಬಿತ್ತು. ಹೇಮಾವತಿಯ ಮರಳಲ್ಲ, ಬಿಳಿಯದು, ನಯವಾದದ್ದು, ನಡುವೆ ಚೂರು ಚೂರು ಕಪ್ಪೆಚಿಪ್ಪು.

ಒಳಗೆ ಬಂದು ತಾಯಿಯ ಹಿಂದೆ ಮಣೆಯ ಮೇಲೆ ಕೂತು ಬಾಚಣಿಗೆಗೆ ಕೈ ಹಾಕಿದಳು. ಬಾಚಿಬಿಟ್ಟರೆ, ಈ ಅರ್ಧ ತಲೆ ಬಾಚಿಬಿಟ್ಟರೆ ಕೈ ಗುರುತು ಸಿಕ್ಕೀತು ಎಂಬ ಆಸೆ. ಮುದುಕಿ ತಲೆ ಸರಿಸಿಕೊಂಡಳು. "ಬ್ಯಾಡ ಕಣವ್ವ. ಅವ್ಳೇ ಬಂದು ಬಾಚ್ತಾಳೆ. ಬ್ಯಾರೆಯೋರು ಬಾಚುದ್ರೆ ನಂಗೆ ನಿದ್ದೆ ಬರಾಕಿಲ್ಲ."

ವಿಜಯಮ್ಮ ಎದುರಿಗೆ ಬಂದು ಸೆರಗು ಒಡ್ಡಿ ಮಂಡಿಯೂರಿದಳು. ಮೊಣಕೈ ಪಕ್ಕೆಗೆ ಅಂಟಿಸಿ, ತಲೆ ಬಗ್ಗಿಸಿ. ಕಾಣದ ತಾಯಿಯ ಮುಂದೆ ಹಾಗೆ ಒಡ್ಡಿ ಏನು ಪ್ರಯೋಜನ ಎಂಬುದು ಅವಳಿಗೆ ಹೊಳೆಯಲಿಲ್ಲ. "ಸ್ವರ್ಣಂಗೆ ಏಳವ್ವ, ನಂಗೊಂದ್ ಹಿಡಿ ಮಡ್ಲಕ್ಕಿ ಕಟ್ಲಿ. ಒಂದೇ ಒಂದ್ ಹಿಡಿ."

"ಅದು ಮನೆ ಮಗ್ಳಿಗೆ ಕಣವ್ವ" ಎಂದಳು ಮಾಯಮ್ಮ, ಮಗುವಿಗೆ ತಿಳಿಹೇಳುವಂತೆ. "ಹಬ್ಬದ್ ದಿನ ಬಂದಿದ್ದೀಯ, ಬರೀ ಹಣೇಲಿ ಓಗ್ಬ್ಯಾಡ. ಗೂಡಿನಾಗೆ ಕುಂಕುಮದ ಬಟ್ಲು ಅದೆ, ನೀನೇ ಇಟ್ಕೊ."

ವಿಜಯಮ್ಮ ಗೂಡಿನ ಬಟ್ಟಲಿಗೆ ಬೆರಳದ್ದಿ ತಾನೇ ಕುಂಕುಮ ಇಟ್ಟುಕೊಂಡಳು. ಹಿತ್ತಲಿನಿಂದ ಒದ್ದೆ ನೆಲದ ಮೇಲೆ ಬರಿಗಾಲು ಇಟ್ಟ ಸದ್ದು ಕೇಳಿದಂತಾಯಿತು. ಮಾಯಮ್ಮನ ಮುಖ ಅರಳಿತು. ವಿಜಯಮ್ಮ ಆ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಬೀದಿಯ ಬಾಗಿಲಿಗೆ ಬಂದು, ಹೊಸಿಲ ಮೇಲೆ ಕೈಯಿಟ್ಟು, ಒಳಕ್ಕೆ ಬೆನ್ನು ಮಾಡಿಯೇ ಹೇಳಿದಳು.

"ಬತ್ತೀನಿ ಕಣವ್ವ."

ಹುಟ್ಟಿದಾಗಿನಿಂದ ಆ ಮಾತಿಗೆ ಆ ಮನೆಯಲ್ಲಿ ಇದ್ದ ಉತ್ತರ ಒಂದೇ: ಓಗ್ಬಾ. ಅದಕ್ಕಾಗಿ ವಿಜಯಮ್ಮ ಉಸಿರು ಹಿಡಿದು ನಿಂತಳು.

"ಹ್ಞೂ ಕಣವ್ವ" ಎಂದಳು ಮಾಯಮ್ಮ ಒಳಗಿನಿಂದ, ಮರ್ಯಾದೆಯಾಗಿಯೇ. "ಓಗು."

ವಿಜಯಮ್ಮ ಹೊಸಿಲು ದಾಟಿದಳು. ಒಳಗೆ ಮಣೆ ಎಳೆದ ಸದ್ದಾಯಿತು. ಆಮೇಲೆ, ನಿಧಾನಕ್ಕೆ, ಎಣ್ಣೆ ಹಚ್ಚಿದ ಕೂದಲಲ್ಲಿ ಬಾಚಣಿಗೆ ಇಳಿಯುವ ಸದ್ದು.